ಪೆಟ್ಟಿಗೆಯೊಳಗೆ ಬರೆದ ಸಾಲು

ನಮ್ಮ ಮನೆ ಹಿಸ್ಸೆಯಾದಾಗ ಪಾಲಾಗದೆ ಉಳಿದದ್ದು ಎರಡೇ, ಹಿತ್ತಲಿನ ಬಾವಿ ಮತ್ತು ಮೇಲಿನ ತಾರಸಿ. ಉಳಿದದ್ದನ್ನೆಲ್ಲ ಒಂದು ಇಟ್ಟಿಗೆ ಗೋಡೆ ನಡುವೆ ಸೀಳಿತ್ತು. ಶಿಕಾರಿಪುರದ ಪೇಟೆಯ ಹಿಂದಿನ ಓಣಿಯಲ್ಲಿ ಉದ್ದಕ್ಕೆ ಚಾಚಿಕೊಂಡ ಮನೆ ಅದು. ಆ ಕಡೆ ದೊಡ್ಡಪ್ಪನ ಸಂಸಾರ, ಈ ಕಡೆ ನಮ್ಮದು. ಗೋಡೆ ಕಟ್ಟಿದ ಗಾರೆಯವನಿಗೆ ಅಡುಗೆಮನೆಯ ಮೇಲೆ ಏನು ಸಿಟ್ಟಿತ್ತೋ, ಒರಳು ಅವರ ಪಾಲಿಗೆ ಹೋಯಿತು, ಬಚ್ಚಲಿನ ದೊಡ್ಡ ಹಂಡೆ ನಮ್ಮ ಪಾಲಿಗೆ ಬಂತು. ಹಾಗಾಗಿ ದೋಸೆಗೆ ರುಬ್ಬಲು ಅವ್ವ ಆ ಕಡೆ ಹೋಗುತ್ತಿದ್ದಳು, ಬಿಸಿನೀರಿಗೆ ದೊಡ್ಡವ್ವ ಈ ಕಡೆ ಬರುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಹೋಗಿ ಬರುವವರು ಎಷ್ಟು ದಿನ ಮಾತು ಬಿಟ್ಟಾರು? ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಜಗಳವೆಲ್ಲ ತಣ್ಣಗಾಗಿತ್ತು. ದೊಡ್ಡಪ್ಪ ತೀರಿಕೊಂಡಿದ್ದರು. ದೊಡ್ಡವ್ವನೇ ಎರಡೂ ಮನೆಗಳ ಹಿರಿಯಳಾಗಿ, ಎರಡೂ ಅಡುಗೆಮನೆಗಳ ಪಾತ್ರೆಯ ಮುಚ್ಚಳ ತೆಗೆದು ನೋಡುವ ಹಕ್ಕು ಪಡೆದಿದ್ದಳು.

ನಮ್ಮ ಕಡೆಯ ಮುಂದಿನ ಕೋಣೆಯೇ ಅಪ್ಪನ ಮುದ್ರಣದ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು, ಯಾವುದು ಬಂದರೂ ಅಪ್ಪ ಒಲ್ಲೆ ಎನ್ನುತ್ತಿರಲಿಲ್ಲ. ಈಸೂರು, ತಾಳಗುಂದದಿಂದ ಬಂದವರು ಬೆಂಚಿನ ಮೇಲೆ ಕೂತು, ತಮ್ಮ ಬಂಧುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಒಬ್ಬ ಸೋದರಮಾವ ಬಿಟ್ಟುಹೋದರೆ ಮದುವೆಯೇ ಕೆಡುವಂತಿದ್ದ ಕಾಲ. ಹೈಸ್ಕೂಲಿನಿಂದಲೇ ನಾನು ಕನ್ನಡ ಟೈಪು ಮಾಡುತ್ತಿದ್ದೆ. ಪಿಯುಸಿಗೆ ಬರುವಷ್ಟರಲ್ಲಿ ಪ್ರೂಫು ನೋಡುವುದೂ ನನ್ನದೇ ಆಗಿತ್ತು. 'ವೀಣಿ ನೋಡಿದ್ಲೇನು?' ಎಂದು ಅಪ್ಪ ಕೇಳಿ, ಹೌದು ಎಂದ ಮೇಲೆಯೇ ಯಂತ್ರಕ್ಕೆ ಕಾಗದ ಹತ್ತುತ್ತಿದ್ದದ್ದು. ಆ ಒಂದು ಪ್ರಶ್ನೆಯಿಂದ ನಾನು ಎಷ್ಟು ಉಬ್ಬಿಹೋಗಿದ್ದೆ ಎಂದರೆ, ಓಣಿಯಲ್ಲಿ ನಡೆಯುವಾಗ ಎರಡೂ ಕಡೆಯ ಮನೆಗಳಿಗೆ ನಾನು ಗೊತ್ತು ಎಂಬ ಹಾಗೆ ನಡೆಯುತ್ತಿದ್ದೆ.

ಅಂಥ ಹೊತ್ತಿಗೆ ಮನೆಗೆ ಇಂಟರ್ನೆಟ್ ಬಂತು. ದೂರವಾಣಿಯ ತಂತಿಗೆ ಒಂದು ಮೋಡೆಮ್ ಸಿಕ್ಕಿಸಿ ಹೋದರು, ಅದಕ್ಕೆ ಒಂದೇ ಒಂದು ಕಂಪ್ಯೂಟರ್ ಹಚ್ಚಬಹುದಿತ್ತು. ಎರಡನೆಯದಕ್ಕೂ ಬೇಕು ಎಂದರೆ ಏನು ಮಾಡುವುದು ಎಂದು ನಾನು ಪೇಟೆಯ ಬಷೀರಣ್ಣನ ಹತ್ತಿರ ಹೋದೆ. ಅವರು ರೇಡಿಯೋ, ಟೀವಿ ರಿಪೇರಿಯಿಂದ ಶುರುಮಾಡಿ ಕಂಪ್ಯೂಟರಿಗೆ ಬಂದವರು. ಯಾವುದೋ ಪತ್ರಿಕೆಯ ಜೊತೆ ಬಂದಿದ್ದ, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಸಿ.ಡಿ.ಯನ್ನು ಕೈಗಿಟ್ಟು, ಅಂಗಡಿಯ ಮೂಲೆಯಿಂದ ಎರಡು ನೆಟ್‌ವರ್ಕ್ ಕಾರ್ಡು ಹುಡುಕಿಕೊಟ್ಟರು.

"ಹಳೇ ಮಷಿನ್ ಒಂದು ಬಿಟ್ಟುಬಿಡವ್ವ ಇದಕ್ಕ. ಒಂದು ಕಾರ್ಡು ಹೊರಗಿಂದು, ಒಂದು ಒಳಗಿಂದು. ನಡುವೆ ಇದು ಬಾಗ್ಲು ಕಾಯ್ತದೆ."

ಮೂಲೆಗೆ ಬಿದ್ದಿದ್ದ ಹಳೆಯ ಪೆಟ್ಟಿಗೆಯೊಂದಕ್ಕೆ ಲಿನಕ್ಸ್ ಹಾಕಿ ನಾಲ್ಕು ದಿನ ಒದ್ದಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಮೌಸ್ ಇಲ್ಲ, ಚಿತ್ರ ಇಲ್ಲ, ಒಂದು ಚುಕ್ಕಿ ತಪ್ಪಿದರೆ ಅದು ಗದರುತ್ತಿತ್ತು. ಕೊನೆಗೆ 'ಮಾಸ್ಕರೇಡ್' ಎಂಬ ಪದವಿದ್ದ ಒಂದು ಆಜ್ಞೆ ಕೊಟ್ಟ ಮೇಲೆ ಎರಡನೆಯ ಕಂಪ್ಯೂಟರಿನಲ್ಲೂ ಪುಟ ತೆರೆದುಕೊಂಡಿತು. ಮಾಸ್ಕರೇಡ್ ಎಂದರೆ ವೇಷ. ಒಳಗೆ ಎಷ್ಟು ಯಂತ್ರಗಳಿದ್ದರೂ ಹೊರಗಿನವರಿಗೆ ಒಂದೇ ಹೆಸರು ಕಾಣುತ್ತದೆ. ಯಾರಿಗೆ ಬಂದ ಉತ್ತರವನ್ನು ಯಾರಿಗೆ ಕೊಡಬೇಕೆಂದು ನಡುವಿನ ಪೆಟ್ಟಿಗೆಗೆ ಮಾತ್ರ ಗೊತ್ತು. ಲಗ್ನಪತ್ರಿಕೆಯಲ್ಲಿ ಇಡೀ ಮನೆತನ ಹಿರಿಯರೊಬ್ಬರ ಹೆಸರಿನಲ್ಲಿ ಆಮಂತ್ರಣ ಕೊಡುವ ಹಾಗೆ. ಅಪ್ಪ ಖುಷಿಯಾಗಿ, ಆ ಕಡೆಯ ಮನೆಗೂ ಒಂದು ವೈರು ಎಳೆದುಬಿಡು ಎಂದ. ಬಷೀರಣ್ಣ ತಾರಸಿಯ ಮೇಲಿಂದ ನೀಲಿ ಕೇಬಲ್ ಹಾಯಿಸಿ, ದೊಡ್ಡವ್ವನ ಮನೆಯ ಬೆಳಕಿಂಡಿಯಿಂದ ಒಳಗೆ ಇಳಿಸಿದರು. ಬಾವಿ, ತಾರಸಿ ಆದಮೇಲೆ ಎರಡೂ ಮನೆಗೆ ಸೇರಿದ ಮೂರನೆಯ ಸಂಗತಿ ಅದು. ಅದರ ಒಡತಿ ನಾನು.

ಆ ಕಡೆ ಅದನ್ನು ಬಳಸುತ್ತಿದ್ದವಳು ಶಾರದತ್ತಿಗೆ, ದೊಡ್ಡವ್ವನ ಮಗ ಮಹೇಶಣ್ಣನ ಹೆಂಡತಿ. ಸೊರಬದ ಹುಡುಗಿ. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಡಿ.ಎಡ್. ಮುಗಿಸಿದ್ದಳು, ಪ್ರಾಥಮಿಕ ಶಾಲೆಯ ಟೀಚರಾಗಬೇಕು ಎಂಬುದೊಂದೇ ಅವಳ ಆಸೆ. ದೊಡ್ಡವ್ವನಿಗೆ ಅದು ಹಿಡಿಸುತ್ತಿರಲಿಲ್ಲ. ಸೊಸೆ ಮಾಡಿದ ತಂಬುಳಿಯನ್ನು 'ಸೊಪ್ಪು ತೊಳೆದ ನೀರು' ಎಂದು ಆಡಿಕೊಂಡೇ ಎರಡು ಬಟ್ಟಲು ಕುಡಿಯುವ ಹೆಂಗಸು, ನೌಕರಿಯ ಮಾತು ಬಂದರೆ ಮಾತ್ರ ಮುಖ ಬಿಗಿ ಮಾಡುತ್ತಿದ್ದಳು.

"ಬೆಳಗಾದ್ರೆ ಬಸ್ಸು, ಸಂಜಿ ಆದ್ರೆ ಬಸ್ಸು. ರೊಟ್ಟಿ ಬಡಿಯೋರು ಯಾರು ಈ ಮನ್ಯಾಗ?"

ಅತ್ತಿಗೆ ಎದುರಾಡುತ್ತಿರಲಿಲ್ಲ. ಕೆಲಸವೆಲ್ಲ ಮುಗಿಸಿ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅಪ್ಪ ಅಂಗಡಿಯಿಂದ ಕೊಟ್ಟಿದ್ದ ಹಳೆಯ ಯಂತ್ರ ಅದು. ಏನಾದರೂ ಕೆಟ್ಟರೆ ಗೋಡೆಯಾಚೆಯಿಂದ 'ವೀಣಾ, ಬಾರೆ ಮಾರಾಯ್ತಿ' ಎಂದು ಕೂಗುತ್ತಿದ್ದಳು. ನಾನು ಹೋಗಿ, ಬೇಕೆಂದೇ ಎರಡು ನಿಮಿಷ ಹೆಚ್ಚು ತೆಗೆದುಕೊಂಡು, ಸರಿಮಾಡಿ ಬರುತ್ತಿದ್ದೆ. ನನಗೆ ಅವಳು ಇಷ್ಟವಿದ್ದಳು. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ಮೋಸವಾದೀತು.

ತಾಳಗುಂದದ ಒಂದು ಮನೆಯವರ ಲಗ್ನಪತ್ರಿಕೆ ಅಚ್ಚಾಗಿ ಕಟ್ಟು ಕಟ್ಟಿ ಇಟ್ಟಿತ್ತು. ಹುಡುಗಿಯ ಅಪ್ಪ, ಚಿಕ್ಕಪ್ಪ, ಇಬ್ಬರು ಹಿರಿಯರು ಒಯ್ಯಲು ಬಂದು ಬೆಂಚಿನ ಮೇಲೆ ಕೂತಿದ್ದರು. ಅವ್ವ ಚಹಾ ಕಳಿಸಿದ್ದಳು. ಅದನ್ನು ಹಿಡಿದು ಬಂದ ಅತ್ತಿಗೆ, ಮೇಲಿದ್ದ ಒಂದು ಕಾರ್ಡನ್ನು ಸುಮ್ಮನೆ ಎತ್ತಿ ಓದಿದಳು. ಓದುವುದು ಅವಳ ಚಟ, ಬೆಲ್ಲ ಕಟ್ಟಿ ತಂದ ಕಾಗದವನ್ನೂ ಬಿಡುತ್ತಿರಲಿಲ್ಲ. ಓದಿದವಳು ಯೋಚನೆಯಿಲ್ಲದೆ ಜೋರಾಗಿಯೇ ಅಂದುಬಿಟ್ಟಳು:

"ಅಯ್ಯೋ, ಇದೆಂಥ ಮಾವ? 'ವಧು-ವರರನ್ನು ಆಶೀರ್ವದಿಸಿ' ಅಂತ ಇರ್ಬೇಕಿತ್ತು. 'ವಧೆ-ವರರನ್ನು' ಅಂತ ಆಗ್ಯದಲ್ಲ!"

ಉಕಾರ ಇರಬೇಕಾದಲ್ಲಿ ಎಕಾರ ಬಂದು ಕೂತಿತ್ತು, ಮದುಮಗಳು ಇದ್ದಲ್ಲಿ ಕೊಲೆ ಕೂತಿತ್ತು. ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಹುಡುಗಿಯ ಅಪ್ಪ ಮಾತ್ರ ನಗಲಿಲ್ಲ.

"ಏನ್ರೀ ಇದು, ಮದುವಿ ಮನಿಗೆ ಇಂಥದ್ದು ಹಂಚಂಗಿದ್ವಿ? ಆ ತಾಯಿ ನೋಡಿದ್ದಕ್ಕೆ ಉಳಕಂಡ್ವಿ."

ಅಪ್ಪ ಕೈಮುಗಿದು, ಅಷ್ಟನ್ನೂ ಮತ್ತೆ ಅಚ್ಚು ಹಾಕಿಕೊಡುತ್ತೇನೆಂದ. ಅವರು ಹೋದ ಮೇಲೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಅತ್ತಿಗೆಯ ಕಡೆ ತಿರುಗಿ, 'ಇನ್ಮೇಲೆ ಪ್ರೂಫು ನೀನೊಮ್ಮೆ ನೋಡಿಬಿಡವ್ವ ಶಾರದಾ' ಎಂದ. ಅವಳು ನನ್ನ ಮುಖ ನೋಡಿ, 'ವೀಣಾನೇ ನೋಡ್ತಾಳೆ ಮಾವ, ಒಂದ್ಸಲ ತಪ್ಪಾಗ್ತದೆ' ಎಂದಳು. ನನ್ನ ಪರವಾಗಿ ಅವಳು ಆಡಿದ ಆ ಮಾತೇ ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಹೊಟ್ಟೆಕಿಚ್ಚು ಎಂಬುದು ಬರೀ ಮಾತಲ್ಲ, ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಆವತ್ತು ತಿಳಿಯಿತು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಕೂತೆ. ಒಬ್ಬರನ್ನು ತಡೆಯಲು ಲಿನಕ್ಸಿನಲ್ಲಿ ಎರಡು ದಾರಿಗಳಿದ್ದವು. ಒಂದು 'ರಿಜೆಕ್ಟ್': ಬಾಗಿಲಿಗೆ ಬಂದವರಿಗೆ ಇಲ್ಲ, ಹೋಗಿ ಎಂದು ಮುಖಕ್ಕೆ ಹೇಳುವುದು. ಇನ್ನೊಂದು 'ಡ್ರಾಪ್': ಒಳಗೇ ಉಸಿರು ಬಿಗಿಹಿಡಿದು ಕೂತು, ಬಾಗಿಲು ಬಡಿಯುವವರಿಗೆ ಮನೆಯಲ್ಲಿ ಯಾರೂ ಇಲ್ಲವೇನೋ ಅನಿಸುವಂತೆ ಮಾಡುವುದು. ನಮ್ಮ ಮನೆಯಲ್ಲಿ 'ಇಲ್ಲ' ಎಂಬ ಮಾತನ್ನು ಯಾರೂ ಆಡಬಾರದು. ಅಕ್ಕಿ ಮುಗಿದರೆ 'ಅಕ್ಕಿ ತುಂಬೇತಿ' ಎನ್ನಬೇಕು, ಎಣ್ಣೆ ಮುಗಿದರೆ 'ಎಣ್ಣಿ ಹೆಚ್ಚೇತಿ' ಎನ್ನಬೇಕು. ತಪ್ಪಿ ಇಲ್ಲ ಎಂದರೆ ದೊಡ್ಡವ್ವ ತಲೆಗೆ ಮೊಟಕುತ್ತಿದ್ದಳು. ಇಲ್ಲ ಎನ್ನದೆಯೇ ಇಲ್ಲವಾಗಿಸುವ ವಿದ್ಯೆ ಕಲಿತ ಮನೆಯ ಮಗಳಿಗೆ ಯಾವ ದಾರಿ ಒಗ್ಗುತ್ತದೆ? ಅತ್ತಿಗೆಯ ಯಂತ್ರದ ಸಂಖ್ಯೆ ಹಾಕಿ, ಮುಂದೆ ಡ್ರಾಪ್ ಎಂದು ಬರೆದೆ. ಒಂದೇ ಸಾಲು.

ಅಷ್ಟಕ್ಕೇ ನಿಲ್ಲಿಸಿದ್ದರೆ ಸಿಟ್ಟಿನ ಭರದಲ್ಲಿ ಮಾಡಿದ್ದು ಎಂದು ಇಂದು ನಾನು ಹೇಳಿಕೊಳ್ಳಬಹುದಿತ್ತು. ಹಾಗೆ ಕೊಟ್ಟ ಆಜ್ಞೆ ಯಂತ್ರ ಆರಿದರೆ ಅಳಿಸಿಹೋಗುತ್ತದೆ. ನಮ್ಮಲ್ಲಿ ಕರೆಂಟು ದಿನಕ್ಕೆ ಮೂರು ಸಲ ಹೋಗುತ್ತಿತ್ತು. ಮಧ್ಯಾಹ್ನದೊಳಗೆ ನನ್ನ ಸಿಟ್ಟನ್ನು ಕರೆಂಟೇ ತೊಳೆದುಹಾಕುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಸಾಲನ್ನು, ಯಂತ್ರ ಏಳುವಾಗಲೆಲ್ಲ ತಾನಾಗಿ ಓದಿಕೊಳ್ಳುವ ಕಡತದಲ್ಲಿ ಬರೆದಿಟ್ಟೆ. ಕರೆಂಟು ಹೋಗಿ ಬಂದರೂ ಬಾಗಿಲು ಮುಚ್ಚಿಯೇ ಇರಲಿ ಎಂದು. ಇಷ್ಟು ವರ್ಷಗಳಲ್ಲಿ ನನ್ನ ಪರವಾಗಿ ನಾನೇ ಎಷ್ಟೋ ವಾದ ಹೂಡಿದ್ದೇನೆ, ಎಲ್ಲವೂ ಆ ಕಡತದ ಹತ್ತಿರ ಬಂದು ಮುಗ್ಗರಿಸುತ್ತವೆ.

ಮೊದಲ ದಿನ ಅತ್ತಿಗೆ ಗೋಡೆಯಾಚೆಯಿಂದ ಕೂಗಿದಳು. ಲೈನೇ ಕೆಟ್ಟಿರಬೇಕು, ನಮ್ಮದೂ ಬರುತ್ತಿಲ್ಲ ಎಂದೆ. ಆ ಹೊತ್ತಿಗೆ ನನ್ನ ಪರದೆಯ ಮೇಲೆ ಪುಟ ತೆರೆದೇ ಇತ್ತು. ಎರಡನೆಯ ದಿನ ಅವಳೇ ಬಂದಳು, ಕೈಯಲ್ಲಿ ಒಂದು ಫೈಲು. ಅವಳ ಹೆಜ್ಜೆ ಕೇಳಿದ್ದೇ ನಾನು ಪರದೆ ಆರಿಸಿದೆ.

"ವೀಣಾ, ಟೀಚರ್ ಪೋಸ್ಟಿಗೆ ಕರೆದಿದಾರೆ ಕಣೆ. ಅರ್ಜಿ ನೆಟ್ಟಲ್ಲೇ ತುಂಬ್ಬೇಕಂತೆ. ನಾಳೆ ಕಡೇ ದಿನ. ನಿಮ್ಮಣ್ಣನ್ನ ಒಪ್ಸೋದ್ರಲ್ಲಿ ಇಷ್ಟು ದಿನ ಆಯ್ತು, ನಿನ್ನೆ ಹೂಂ ಅಂದ್ರು. ಸಂಜೆಗಾದ್ರೂ ಬರ್ಬೋದನೇ ಲೈನು?"

ಆಗಲೇ ತೆಗೆಯಬಹುದಿತ್ತು. ಅವಳು ಬಾಗಿಲು ದಾಟುವುದರೊಳಗೆ ಆ ಸಾಲು ಅಳಿಸಿ, 'ಅತ್ತಿಗೆ, ಬಂತು!' ಎನ್ನಬಹುದಿತ್ತು. ಆದರೆ ನಾನು ಮುಟ್ಟಿದ ತಕ್ಷಣ ಬಂದರೆ, ಇಷ್ಟು ಹೊತ್ತು ತಡೆದವಳೂ ನಾನೇ ಎಂದು ತಿಳಿದುಬಿಟ್ಟರೆ ಎಂಬ ಅಂಜಿಕೆ. ಅಂಜಿಕೆ ಒಂದೇ ಎಂದರೂ ಸುಳ್ಳಾದೀತು. ಪ್ರೂಫು ನೋಡುವವಳು ಒಂದು ದಿನ ಕಾಯಲಿ ಎಂಬ ಹುಳವೂ ಒಳಗಿತ್ತು. ನಾಳೆ ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡೆ. 'ನೋಡ್ತೀನಿ ಅತ್ತಿಗೆ' ಎಂದೆ. ಅವಳು ಹೋಗುವಾಗ ನನ್ನ ಹೆರಳು ಸರಿಮಾಡಿ ಹೋದಳು.

ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ನನಗಾಗಿ ಕಾಯಲೇ ಇಲ್ಲ. ನಾನು ಏಳುವ ಮೊದಲೇ ಬಷೀರಣ್ಣನಿಗೆ ಹೇಳಿಕಳಿಸಿ, ತಾನು ಫೈಲು ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋಗಿದ್ದಳು. ಬಷೀರಣ್ಣ ಬಂದು ತಾರಸಿಗೆ ಹೋದರು. ದೊಡ್ಡವ್ವ ಅಲ್ಲಿ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅವರು ಕೇಬಲ್ಲಿನ ಉದ್ದಕ್ಕೂ ಕೈಯಾಡಿಸಿ, ಇರಲಿ ಎಂದು ತುದಿಯನ್ನು ಬೆಳಕಿಂಡಿಯಿಂದ ಮೇಲಕ್ಕೆಳೆದು, ಅಲ್ಲೇ ಕತ್ತರಿಸಿ ಹೊಸ ಪಿನ್ನು ಹಾಕಿದರು. ಆಮೇಲೆ ಕೆಳಗಿಳಿದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ಕೀಬೋರ್ಡು ಮುಟ್ಟಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ವೈರು ಛಲೋ ಐತವ್ವ. ಲೈನೂ ಐತಿ, ಮೋಡೆಮ್ಮಿನ ದೀಪ ನೋಡಿದೆ. ಪೆಟ್ಟಿಗಿ ಒಳಗ ಏನೈತಿ ಅಂಬೋದು ಬರೆದೋರಿಗೇ ಗೊತ್ತು."

ಅಷ್ಟೇ ಹೇಳಿ, ಚಹಾ ಕೂಡ ಕುಡಿಯದೆ ಹೋದರು. ಅವರು ಓಣಿ ತಿರುಗುವ ಮೊದಲೇ ನಾನು ಕೂತು ಆ ಸಾಲನ್ನು ಹುಡುಕಿದೆ. ಅಳಿಸುವುದರೊಳಗೆ ಕರೆಂಟು ಹೋಯಿತು. ಊರಿಗೆ ಊರೇ ಕರೆಂಟಿಲ್ಲದೆ ಕೂತಿತು. ಇಂಟರ್ನೆಟ್ ಅಂಗಡಿಯಲ್ಲಿ ಅತ್ತಿಗೆ ಸರದಿಯಲ್ಲಿ ಹನ್ನೊಂದನೆಯವಳಾಗಿ ಕೂತೇ ಇದ್ದಳಂತೆ. ನಾಲ್ಕು ಗಂಟೆಗೆ ಕರೆಂಟು ಬಂದಾಗ ನಾನು ಆ ಸಾಲು ಅಳಿಸಿ, ಚಪ್ಪಲಿಯನ್ನೂ ಮೆಟ್ಟದೆ ಅಲ್ಲಿಗೆ ಓಡಿದೆ. 'ಅತ್ತಿಗೆ, ಮನೇಲಿ ಬಂತು' ಎಂದೆ. ಇಬ್ಬರೂ ಓಡಿಬಂದೆವು. ಅರ್ಜಿಯ ಮೊದಲ ಪುಟ ತೆರೆಯಿತು, ಎರಡನೆಯದು ತೆರೆಯಿತು. ಫೋಟೊ ಹಾಕುವ ಪುಟ ತಿರುಗುತ್ತಲೇ ಇತ್ತು. ರಾಜ್ಯದ ಎಲ್ಲರೂ ಕಡೆಯ ಗಂಟೆಯಲ್ಲಿ ಅದೇ ಬಾಗಿಲು ಬಡಿಯುತ್ತಿದ್ದರು. ಮತ್ತೆ ತೆರೆದಾಗ ಅವಧಿ ಮುಗಿದಿದೆ ಎಂಬ ಒಂದು ಸಾಲು ಮಾತ್ರ ಇತ್ತು. ಅತ್ತಿಗೆ ಅದನ್ನು ಎರಡು ಸಲ ಓದಿದಳು, ತಪ್ಪಿದ್ದೀತೇನೋ ಎಂಬ ಹಾಗೆ.

ಆಮೇಲೆ ನನ್ನ ಬರಿಗಾಲು ನೋಡಿದಳು. ಡಾಂಬರಿನ ಕಾವಿಗೆ ಅಂಗಾಲು ಕೆಂಪಗಾಗಿತ್ತು.

"ನೀನಾದ್ರೂ ನಂಗೋಸ್ಕರ ಇಷ್ಟು ಒದ್ದಾಡಿದ್ಯಲ್ಲೆ" ಎಂದು ತಂಬಿಗೆಯಲ್ಲಿ ನೀರು ತಂದು ಕಾಲಿನ ಮೇಲೆ ಹೊಯ್ದಳು.

ಆ ನೀರಿನ ತಂಪು ಇವತ್ತಿಗೂ ನನಗೆ ನಾಚಿಕೆ ತರುತ್ತದೆ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿರಲಿಲ್ಲ, ನಾನು ಕಾಲು ಚಾಚಿಕೊಂಡು ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ದೊಡ್ಡವ್ವ ಸಂಡಿಗೆಯ ಮೊರ ಹಿಡಿದು ಇಳಿದು ಬಂದಳು. ವಿಷಯ ಕೇಳಿ, ಮೊರ ಕೆಳಗಿಟ್ಟು, ಸೊಸೆಯ ಬೆನ್ನು ಸವರಿದಳು.

"ಹೋಗ್ಲಿ ಬಿಡವ್ವ. ಮನ್ಯಾಗ ಇರಾಕ ನಿನಗೇನು ಕಡಿಮಿ ಆಗೇತಿ?"

ಅತ್ತಿಗೆ ಅತ್ತೆಯನ್ನು ತಲೆಯೆತ್ತಿ ನೋಡಿದಳು. ಆ ನೋಟವನ್ನು ನಾನು ಕಂಡೆ, ಆದರೆ ನನ್ನ ಗುಟ್ಟು ಉಳಿಯಿತು ಎಂಬ ನೆಮ್ಮದಿಯಲ್ಲಿ ಅದರ ಅರ್ಥ ನನಗೆ ಬೇಕಾಗಿರಲಿಲ್ಲ. ಮುಂದಿನ ಸಲ ಪೋಸ್ಟಿಗೆ ಕರೆಯುವಷ್ಟರಲ್ಲಿ ಅವಳಿಗೆ ಇಬ್ಬರು ಮಕ್ಕಳಾಗಿದ್ದರು. ವಯಸ್ಸಿನ ಮಿತಿಯೂ ದಾಟಿತ್ತು.

ಅಲ್ಲಿಂದ ಆ ಮನೆಯಲ್ಲಿ ಏನೋ ಬದಲಾಯಿತು. ಜಗಳವಲ್ಲ. ಅತ್ತಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು, ದೊಡ್ಡವ್ವನ ಮಂಡಿಗೆ ಎಣ್ಣೆ ತಿಕ್ಕಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಕೇಳದೆ ಒಂದು ಮಾತೂ ಆಡಲಿಲ್ಲ. ತಂಬುಳಿ ಮಾಡುವುದನ್ನು ಬಿಟ್ಟೇಬಿಟ್ಟಳು. ದೊಡ್ಡವ್ವ ನಮ್ಮ ಕಡೆ ಬಿಸಿನೀರಿಗೆ ಬಂದಾಗ ಅವ್ವನ ಹತ್ತಿರ ಕೇಳುತ್ತಿದ್ದಳು, 'ಅಲ್ಲ, ನಾನೇನು ಅಂದೆ ಅಂತ ಹಿಂಗಾದ್ಲು?' ನಾನು ಪಕ್ಕದ ಕೋಣೆಯಲ್ಲಿ ಟೈಪು ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನೌಕರಿ ತಪ್ಪಿದ ದುಃಖ ಎಂದುಕೊಂಡಿದ್ದೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು. ಹಲವು ವರ್ಷ ಹಾಗೆಯೇ ನಡೆದು, ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ನನಗೀಗ ನಲವತ್ತು ಹತ್ತಿರವಾಗಿದೆ, ಅಪ್ಪನ ಅಂಗಡಿಯನ್ನು ನಾನೇ ನಡೆಸುತ್ತೇನೆ. ಯಾವ ಪ್ರೂಫನ್ನಾದರೂ ಮೂರು ಸಲ ಓದುತ್ತೇನೆ.

ಈ ಬೇಸಿಗೆಯಲ್ಲಿ ಅತ್ತಿಗೆಯ ತಮ್ಮ ಸೊರಬದಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಮುನ್ನಾದಿನ ನಾವಿಬ್ಬರೂ ಹಿಂದಿನ ಜಗಲಿಯಲ್ಲಿ ಬಾಳೆಲೆ ಒರೆಸುತ್ತಾ ಕೂತಿದ್ದೆವು. ಅವಳ ಮಗಳು ಪಕ್ಕದಲ್ಲಿ ಮೊಬೈಲಿನಲ್ಲಿ ಕಾಲೇಜಿನ ಅರ್ಜಿ ತುಂಬುತ್ತಿದ್ದಳು. ಇನ್ನೂ ಎರಡು ದಿನ ಇದೆ, ಆಮೇಲೆ ಮಾಡ್ತೀನಿ ಎಂದು ಅವಳು ಏಳಹೋದಾಗ ಅತ್ತಿಗೆ ಗದರಿದಳು.

"ಕೂತ್ಕಂಡು ಈಗ್ಲೇ ಮುಗ್ಸು. ಕಡೇ ದಿನಕ್ಕೆ ಬಿಟ್ಟು ನಾನು ಕಲ್ತಿದ್ದು ಸಾಕು. ಆವತ್ತು ಈ ವೀಣಾ ಅತ್ತೆ ಬರಿಗಾಲಲ್ಲಿ ಓಡಿ ಬಂದಿದ್ಲು ಗೊತ್ತಾ, ನಂಗೋಸ್ಕರ."

ಮಗಳು ನನ್ನನ್ನು ನೋಡಿ ನಕ್ಕಳು. ಆ ಕಥೆಯನ್ನು ಅವಳು ಬಹಳ ಸಲ ಕೇಳಿದ್ದಳೆಂದು ಕಾಣುತ್ತದೆ. ಅರ್ಜಿ ಮುಗಿಸಿ ಅವಳು ಒಳಗೆ ಹೋದ ಮೇಲೆ, ಇನ್ನೊಂದು ಗಳಿಗೆ ತಡೆದರೆ ಮತ್ತೆ ಎಂದೂ ಆಗುವುದಿಲ್ಲ ಎನಿಸಿ, ಎಲ್ಲವನ್ನೂ ಹೇಳಿಬಿಟ್ಟೆ. ಲಗ್ನಪತ್ರಿಕೆಯ ಸಿಟ್ಟು, ನಾನು ಬರೆದ ಸಾಲು, ಕರೆಂಟು ಹೋದರೂ ಉಳಿಯಲೆಂದು ಅದನ್ನು ಬರೆದಿಟ್ಟ ಜಾಗ, ಮೂರು ದಿನ ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಅಳುತ್ತಿದ್ದೆ. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ.

ಅತ್ತಿಗೆ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ಮಾರನೇ ದಿನ ತಾರಸಿ ಮೇಲೆ ನಂಗೆ ವೈರಿನ ತುಂಡು ಸಿಕ್ಕಿತ್ತು" ಎಂದಳು. "ಸಂಡಿಗೆ ಹಾಕಿದ ಜಾಗದಲ್ಲೇ. ಕತ್ತರಿಸಿದ ತುಂಡು."

"ಅದು ಬಷೀರಣ್ಣ ಹೊಸ ಪಿನ್ನು ಹಾಕುವಾಗ..."

"ಈಗ ಗೊತ್ತಾಯ್ತು. ನಾನು ಅತ್ತೆ ಅಂದ್ಕಂಡಿದ್ದೆ."

ಒಳಗೆ ಯಾರೋ ಅವಳನ್ನು ಕೂಗಿದರು. ಅವಳು ಏಳದೆ ಮಾತು ಮುಂದುವರಿಸಿದಳು.

"ನಾನು ನೌಕ್ರಿಗೆ ಹೋಗ್ಬಾರ್ದು ಅಂತ ಅವ್ರೇ ಕತ್ತರಿಸಿದಾರೆ, ಬಷೀರಣ್ಣ ಬಂದು ಜೋಡಿಸಿದಾರೆ ಅಂದ್ಕಂಡೆ ಕಣೆ. ಕೇಳ್ಲಿಲ್ಲ. ಕೇಳೋದೆಂಥ, ಕಣ್ಣಾರೆ ಕಂಡ್ನಲ್ಲ ಅಂತ. ಆಸ್ಪತ್ರೇಲಿ ಕಡೇ ದಿನ ನನ್ನ ಕೈ ಹಿಡ್ಕಂಡು, 'ನಾ ನಿನಗ ಏನು ಮಾಡೀನಿ ಹೇಳವ್ವ, ಒಂದ್ಸಲ ಹೇಳು' ಅಂದ್ರು. ನಾನು ಕೈ ಬಿಡಿಸ್ಕಂಡು ನೀರು ತರೋಕೆ ಹೋದೆ. ಬರೋದ್ರೊಳಗೆ ಜೀವ ಹೋಗಿತ್ತು."

ಅತ್ತಿಗೆ, ತಪ್ಪಾಯಿತು ಎಂದು ನಾನು ಅವಳ ಕೈ ಹಿಡಿಯಹೋದೆ. ಅವಳು ಕೊಸರಿಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಮುಖವನ್ನು ನೋಡುತ್ತಾ ನಿಧಾನವಾಗಿ ಕೇಳಿದಳು.

"ನೀನು ನನ್ನ ಹತ್ರ ಹೇಳಿ ಹಗುರಾದೆ ವೀಣಾ. ನಾನು ಈಗ ಯಾರ ಹತ್ರ ಹೋಗಿ ಹೇಳ್ಲಿ?"